ಹೆಲಿಕಾಪ್ಟರ್ ಬಿಟ್ಟು ವಿಮಾನ ಹಿಡಿಯುವ ಮುಂಚೆ: ಸೇನೆಯ ಪೈಲಟ್‌ಗಳ ಮುಂದಿರುವ ದಾರಿಗಳು

ಮೇ ತಿಂಗಳು ಬಂತೆಂದರೆ ನಮ್ಮ ಕಡೆ ಮದುವೆಗಳೂ ಜಾಸ್ತಿ, ರಜೆಗೆ ಬಂದ ಫೌಜಿಗಳೂ ಜಾಸ್ತಿ. ಈ ಸಲ ಬ್ರಹ್ಮಾವರದ ಒಂದು ಮದುವೆ ಊಟದಲ್ಲಿ ನನ್ನ ಪಕ್ಕದ ಎಲೆಗೆ ಕೂತವರು ಕುಂದಾಪುರ ಕಡೆಯ ಒಬ್ಬ ಮೇಜರ್. ವಯಸ್ಸು 36. ಸೇನೆಯಲ್ಲಿ ಧ್ರುವ್ ಹೆಲಿಕಾಪ್ಟರ್ ಹಾರಿಸುತ್ತಾರೆ. ಎಲೆಗೆ ಉಪ್ಪಿನಕಾಯಿ ಬೀಳುವಷ್ಟರಲ್ಲೇ ಪ್ರಶ್ನೆ ಬಂತು. "ಸರ್, ರಾಜೀನಾಮೆ ಪೇಪರ್ ಹಾಕಿ ಏರ್‌ಲೈನಿಗೆ ಹೋಗುದಾ? ಅಲ್ಲ ಹೊರಗೆ ಹೆಲಿಕಾಪ್ಟರಿನಲ್ಲೇ ಕೆಲಸ ನೋಡುದಾ? ಎಂತ ಮಾಡುದು ಅಂತಲೇ ಗೊತ್ತಾಗುದಿಲ್ಲ."

ಈ ಒಂದು ವರ್ಷದಲ್ಲಿ ಇದೇ ಪ್ರಶ್ನೆ ಕಾರ್ಕಳದಿಂದ ಬಂದಿದೆ, ಪುತ್ತೂರಿನಿಂದ ಬಂದಿದೆ. ಪಣಂಬೂರಿನ ಕೋಸ್ಟ್ ಗಾರ್ಡ್‌ನಲ್ಲಿದ್ದು ಹೋದ ಒಬ್ಬರೂ ಕೇಳಿದ್ದಾರೆ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್ ಧ್ರುವ್ ಬಿದ್ದು ಮೂವರು ತೀರಿಕೊಂಡರಲ್ಲ, ಆಮೇಲೆ ಇಡೀ ಧ್ರುವ್ ಪಡೆ ತಿಂಗಳುಗಟ್ಟಲೆ ನೆಲದ ಮೇಲೆ ನಿಂತಿತು. ಲಾಗ್‌ಬುಕ್ ಖಾಲಿ ಬಿದ್ದಾಗ ಮನುಷ್ಯ ಮುಂದಿನದ್ದು ಯೋಚಿಸುತ್ತಾನೆ. ನನಗೆ ಕರೆಗಳು ಜಾಸ್ತಿಯಾದದ್ದು ಆಗಲೇ. ಎಲ್ಲರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಕೂತು ಸರಿಯಾಗಿ ಬರೆದುಬಿಡೋಣ ಅನ್ನಿಸಿತು.

ನನ್ನ ಲೆಕ್ಕ ಮೊದಲೇ ಹೇಳುತ್ತೇನೆ. ಆರ್ಮಿ ಏವಿಯೇಷನ್‌ನಲ್ಲಿ ಚೀತಾ, ಚೇತಕ್, ಕೊನೆಗೆ ಧ್ರುವ್. 21 ವರ್ಷ ಸೇವೆ ಮುಗಿಸಿ 44ಕ್ಕೆ ಹೊರಬಂದೆ. ಏರ್‌ಲೈನಿನಲ್ಲಿ ಬಲಗಡೆಯ ಸಹಪೈಲಟ್ ಸೀಟು ಸಿಗುವ ಹೊತ್ತಿಗೆ 46. ಈಗ 53, ಹೋದ ವರ್ಷ ಭುಜಕ್ಕೆ ನಾಲ್ಕನೇ ಪಟ್ಟಿ ಬಂತು, ಅಂದರೆ ಕ್ಯಾಪ್ಟನ್ ಆದೆ. ನನ್ನ ದಾರಿಯೇ ಸರಿ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ನನ್ನ ಜೊತೆಗೇ ಹೊರಬಂದ ಇಬ್ಬರು ಹೆಲಿಕಾಪ್ಟರಿನಲ್ಲೇ ಉಳಿದರು, ಇಬ್ಬರೂ ಚೆನ್ನಾಗಿದ್ದಾರೆ.

ದಾರಿ ನೋಡುವ ಮುಂಚೆ ಅಳತೆ

ಎಲ್ಲರೂ ಮೊದಲು ಕೇಳುವುದು ಸಂಬಳ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ನಿಮ್ಮ ಸೇವೆಯ ವರ್ಷ. ಖಾಯಂ ಕಮಿಷನ್ ಇದ್ದವರಿಗೆ ಪೆನ್ಶನ್ ಬರುವುದು 20 ವರ್ಷ ತುಂಬಿದ ಮೇಲೆ. 18 ವರ್ಷಕ್ಕೆ ಬಿಟ್ಟರೆ ಗ್ರಾಚ್ಯುಟಿ ತಗೊಂಡು ಮನೆಗೆ ಹೋಗಬೇಕು, ತಿಂಗಳು ತಿಂಗಳು ಬರುವ ದುಡ್ಡು ಇಲ್ಲ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. 2015ರ ನವೆಂಬರ್‌ನ ಆದೇಶದ ಪ್ರಕಾರ, ಆಮೇಲೆ ತಾವಾಗಿಯೇ ಕೇಳಿಕೊಂಡು ಅವಧಿಗೆ ಮುಂಚೆ ಹೊರಬಂದವರಿಗೆ 'ಒಂದು ಶ್ರೇಣಿ, ಒಂದು ಪಿಂಚಣಿ' ಲಾಭ ಸಿಗುವುದಿಲ್ಲ. ಅಂದರೆ 20 ವರ್ಷ ತುಂಬಿಸಿ ಪೇಪರ್ ಹಾಕಿದರೂ ಪೆನ್ಶನ್ ಬರುತ್ತದೆ, ಆದರೆ ಮುಂದೆ ಅದು ನಿಮ್ಮ ಜೊತೆಗಾರರ ಪೆನ್ಶನ್‌ ಹಾಗೆ ಏರುತ್ತಾ ಹೋಗುವುದಿಲ್ಲ. ವಾಯುಪಡೆಯ ಶಾರ್ಟ್ ಸರ್ವಿಸ್ ಪೈಲಟ್‌ಗಳ ಕಥೆ ಬೇರೆ. 14 ವರ್ಷಕ್ಕೆ ಅವರು ಹೇಗೂ ಹೊರಗೆ ಬರಬೇಕು, ಪೆನ್ಶನ್ ಇಲ್ಲ. ಅವರಿಗೆ 'ಬಿಡಲಾ ಬೇಡ್ವಾ' ಅನ್ನುವ ಪ್ರಶ್ನೆಯೇ ಇಲ್ಲ, 'ಯಾವ ಕಡೆಗೆ' ಅನ್ನುವುದು ಮಾತ್ರ.

ಎರಡನೆಯದು ವಯಸ್ಸು. ಏರ್‌ಲೈನ್ ಪೈಲಟ್ 65ರವರೆಗೆ ಹಾರಿಸಬಹುದು. ನಿಮ್ಮ ಈಗಿನ ವಯಸ್ಸಿಗೆ ಎರಡು ವರ್ಷ ಸೇರಿಸಿ. ಅದು ನೀವು ನಿಜವಾಗಿ ವಿಮಾನದಲ್ಲಿ ಕೂರುವ ವಯಸ್ಸು. ಅಲ್ಲಿಂದ ಕ್ಯಾಪ್ಟನ್ ಆಗಲು ಇನ್ನೊಂದು ಐದಾರು ವರ್ಷ. ಉಳಿದದ್ದೇ ಕ್ಯಾಪ್ಟನ್ ಸಂಬಳದ ವರ್ಷಗಳು. ಒಳ್ಳೆಯ ದುಡ್ಡು ಇರುವುದು ಆ ಕೊನೆಯ ಭಾಗದಲ್ಲಿ. ಸಹಪೈಲಟ್ ಆಗಿ ಮೊದಲ ವರ್ಷ ಬರುವ ಸಂಬಳ ಕರ್ನಲ್ ಸಂಬಳಕ್ಕಿಂತ ಕಡಿಮೆ ಇದ್ದರೂ ಆಶ್ಚರ್ಯ ಪಡಬೇಡಿ. ಕೆಲವು ಏರ್‌ಲೈನ್‌ಗಳು ಹೊಸ ಸಹಪೈಲಟ್‌ಗೆ ವಯಸ್ಸಿನ ಮಿತಿ ಹಾಕುತ್ತವೆ. ಅದು ಕರೆಯಿಂದ ಕರೆಗೆ ಬದಲಾಗುತ್ತದೆ. ಜಾಹೀರಾತಿನ ಸಣ್ಣ ಅಕ್ಷರ ಓದದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಮೂರನೆಯದು ಕೈಯಲ್ಲಿರುವ ಕಾಸು. ನಮ್ಮದು ಐದು ಬ್ಯಾಂಕ್ ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ, ಲೆಕ್ಕ ಹಾಕುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಈ ವಿಷಯದಲ್ಲಿ ಬುದ್ಧಿವಂತರೂ ಎಡವುತ್ತಾರೆ. ಖರ್ಚು ಬರೆದಿಡುತ್ತಾರೆ, ಸಂಬಳ ಇಲ್ಲದ ತಿಂಗಳುಗಳನ್ನು ಬರೆಯುವುದಿಲ್ಲ. 18 ತಿಂಗಳು ಮನೆಗೆ ಏನೂ ಬರುವುದಿಲ್ಲ ಅಂದುಕೊಂಡು ಲೆಕ್ಕ ಹಾಕಿ.

ನಾಲ್ಕನೆಯದು ಮೈ. ಹೆಲಿಕಾಪ್ಟರಿನ ಅದುರಾಟದಲ್ಲಿ ವರ್ಷಗಟ್ಟಲೆ ಕೂತವರ ಸೊಂಟ ಮತ್ತು ಕಿವಿ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ನಾಗರಿಕ ಲೈಸೆನ್ಸಿಗೆ ಕ್ಲಾಸ್ 1 ಮೆಡಿಕಲ್ ಬೇಕು. ಮೊದಲ ಸಲದ ಪರೀಕ್ಷೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ, ಒಪ್ಪಿಗೆ ಪಡೆದ ಕೇಂದ್ರಗಳಲ್ಲೇ ಆಗುತ್ತದೆ. ಅನುಮತಿ ತಗೊಂಡು ಸೇವೆಯಲ್ಲಿದ್ದಾಗಲೇ ಅದನ್ನು ಮುಗಿಸಿಕೊಳ್ಳಿ. ಪೇಪರ್ ಹಾಕಿದ ಮೇಲೆ ಕಿವಿ ಪರೀಕ್ಷೆಯಲ್ಲಿ ಬಿದ್ದವರನ್ನು ನೋಡಿದ್ದೇನೆ. ಆ ಮನೆಯಲ್ಲಿ ಕೂತು ಚಹಾ ಕುಡಿಯುವುದು ಕಷ್ಟವಾಗಿತ್ತು.

ಐದನೆಯದು, ಮನೆ ಎಲ್ಲಿರಬೇಕು ಅನ್ನುವುದು. ಅಪ್ಪ ಅಮ್ಮ ಊರಲ್ಲಿದ್ದಾರಾ, ಮಕ್ಕಳು ಯಾವ ತರಗತಿ, ಹೆಂಡತಿ ಅಥವಾ ಗಂಡನ ಕೆಲಸ ಎಲ್ಲಿ. ಫೌಜಿನಲ್ಲಿ ಪೋಸ್ಟಿಂಗ್ ಬಂದಲ್ಲಿಗೆ ಹೋಗುತ್ತಿದ್ದೆವು. ಇನ್ನು ಮುಂದೆ ಮನೆಯವರ ಮಾತಿಗೂ ಬೆಲೆ ಇರಬೇಕು, ಅಲ್ವಾ?

ಏರ್‌ಲೈನ್: ಉದ್ದದ ದಾರಿ, ಉದ್ದದ ಫಲ

ಜಾಸ್ತಿ ಜನ ಕೇಳುವುದು ಇದನ್ನೇ, ಜಾಸ್ತಿ ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ. "ನನ್ನ ಹತ್ತಿರ 3000 ಗಂಟೆ ಇದೆ" ಅನ್ನುತ್ತಾರೆ. ಇದೆ. ಆದರೆ ಅದು ಹೆಲಿಕಾಪ್ಟರ್ ಗಂಟೆ. ವಿಮಾನದ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಡಿಜಿಸಿಎ (ನಾಗರಿಕ ವಿಮಾನಯಾನದ ಸರಕಾರಿ ನಿಯಂತ್ರಕ) ಕೇಳುವುದು ವಿಮಾನದಲ್ಲಿ 200 ಗಂಟೆ. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್, ಅಂದರೆ ಹಾರಾಟದ ಹೊಣೆ ಹೊತ್ತ ಪೈಲಟ್ ಆಗಿರಬೇಕು. ಕನಿಷ್ಠ 300 ನಾಟಿಕಲ್ ಮೈಲಿಯ ಒಂದು ಕ್ರಾಸ್ ಕಂಟ್ರಿ ಹಾರಾಟ, ರಾತ್ರಿ ಹಾರಾಟ, ಬರೀ ಉಪಕರಣ ನೋಡಿ ಹಾರಿಸುವ ಇನ್‌ಸ್ಟ್ರುಮೆಂಟ್ ಗಂಟೆ ಎಲ್ಲ ಇದರೊಳಗೇ ಬರಬೇಕು. ಜೊತೆಗೆ ಐದು ವರ್ಷದ ಗಡುವು. ಅರ್ಜಿ ಹಾಕುವ ದಿನದಿಂದ ಹಿಂದಿನ ಐದು ವರ್ಷದೊಳಗಿನ ಗಂಟೆ ಮಾತ್ರ ಲೆಕ್ಕ. ವಾಯುಪಡೆಯ ಹೆಲಿಕಾಪ್ಟರ್ ಪೈಲಟ್‌ಗಳು ದುಂಡಿಗಲ್‌ನಲ್ಲಿ ಪಿಲಾಟಸ್ ತರಬೇತಿ ವಿಮಾನ ಹಾರಿಸಿರುತ್ತಾರೆ. ಆದರೆ ಎಷ್ಟೋ ವರ್ಷ ಹಿಂದಿನ ಆ ಗಂಟೆಗಳಿಂದ ಇಲ್ಲಿ ಪ್ರಯೋಜನ ಇಲ್ಲ. ನಾಸಿಕ್‌ನಲ್ಲಿ ನೇರವಾಗಿ ಚೀತಾ, ಚೇತಕ್ ಮೇಲೆ ಕಲಿತ ನನ್ನಂಥ ಸೇನೆಯವರ ಹತ್ತಿರ ಅದೂ ಇರಲಿಲ್ಲ. ಹೆಲಿಕಾಪ್ಟರ್ ಅನುಭವಕ್ಕೆ ರಿಯಾಯಿತಿ ಕೇಳುವುದಿದ್ದರೆ ನಿಮ್ಮ ಲಾಗ್‌ಬುಕ್ ಕೊಟ್ಟು ಡಿಜಿಸಿಎಯಿಂದ ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಫ್ಲೈಯಿಂಗ್ ಸ್ಕೂಲಿನ ಕೌಂಟರಿನಲ್ಲಿ ಕೂತವರ ಬಾಯಿಮಾತು ನಂಬಬೇಡಿ.

ಯೂಟ್ಯೂಬ್‌ನಲ್ಲಿ ಅಮೆರಿಕದ ವಿಡಿಯೊ ನೋಡಿ ಉತ್ಸಾಹಗೊಂಡವರೂ ಇದ್ದಾರೆ. ಅಲ್ಲಿ ಸೇನೆಯಿಂದ ಬಂದ ಪೈಲಟ್‌ಗಳಿಗೆ 1500ರ ಬದಲು 750 ಗಂಟೆಗೇ ಸಹಪೈಲಟ್ ಆಗುವಷ್ಟು ಲೈಸೆನ್ಸ್ ಸಿಗುತ್ತದೆ. ಹೆಲಿಕಾಪ್ಟರಿನವರನ್ನು ವಿಮಾನಕ್ಕೆ ತರಲು ಅಲ್ಲಿನ ಸಣ್ಣ ಏರ್‌ಲೈನ್‌ಗಳೇ ದುಡ್ಡು ಹಾಕಿದ ಕಾಲವೂ ಇತ್ತು. ಅದು ಅವರ ನಿಯಮ. ನಮ್ಮಲ್ಲಿ ಆ ಸೇತುವೆ ಇಲ್ಲ, ಹೊಳೆಯನ್ನು ನಾವೇ ದಾಟಬೇಕು.

ಪರೀಕ್ಷೆಗಳ ಬಗ್ಗೆ ಹೆದರಬೇಡಿ. ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್, ಟೆಕ್ನಿಕಲ್. ಪಾಸಾಗಲು 70 ಶೇಕಡಾ ಬೇಕು. ಜೊತೆಗೆ ರೇಡಿಯೊ ಟೆಲಿಫೋನಿ. ಸೇವೆಯಲ್ಲಿದ್ದಾಗಲೇ ಅನುಮತಿ ತಗೊಂಡು ಒಂದೊಂದಾಗಿ ಮುಗಿಸಬಹುದು. ಗಡಿಯ ಬಂಕರಿನಲ್ಲಿ ಕೂತು ಹವಾಮಾನ ಓದಿ ಪಾಸಾದವರನ್ನು ಬಲ್ಲೆ.

ದುಡ್ಡಿನ ಭಾರ ಗಂಟೆಗಳಲ್ಲಿದೆ. 200 ಗಂಟೆ, ಮಲ್ಟಿ ಎಂಜಿನ್ ಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಆಮೇಲೆ ಏರ್‌ಬಸ್ 320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನೇ ಹಾರಿಸುವ ಅರ್ಹತೆ. ಎಲ್ಲ ಸೇರಿ ಸುಮಾರು ಅರ್ಧ ಕೋಟಿ ಅಂತ ಇಟ್ಟುಕೊಂಡೇ ಹೊರಡಿ. ಟೈಪ್ ರೇಟಿಂಗಿಗೆ ಅವಸರ ಮಾಡಬೇಡಿ. ಏರ್‌ಲೈನಿನ ಕರೆ ಇಲ್ಲದೆ ಮೊದಲೇ ಅದನ್ನು ಮಾಡಿಸಿಕೊಂಡು, ಕೆಲಸ ಸಿಗದೆ, ಕಲಿತದ್ದು ಹಳತಾಗಿ ಕೂತವರಿದ್ದಾರೆ.

ಹಾರಾಟಕ್ಕೆ ಬೆಂಗಳೂರಿನ ಜಕ್ಕೂರು, ಬೆಳಗಾವಿ, ಕಲಬುರಗಿ ಇವೆ. ರಾಜ್ಯದ ಹೊರಗೆ ಇನ್ನೂ ಬೇಕಷ್ಟಿವೆ. ಸೇರುವ ಮುಂಚೆ ಹೋಗಿ ನಿಂತು ನೋಡಿ. ಎಷ್ಟು ವಿದ್ಯಾರ್ಥಿಗಳು, ಎಷ್ಟು ವಿಮಾನ, ಅವುಗಳಲ್ಲಿ ಆವತ್ತು ಹಾರುತ್ತಿರುವುದು ಎಷ್ಟು. ನಾನು ಸೇರಿದ ಕಡೆ ಹೇಳಿದ್ದು ಆರು ವಿಮಾನ, ಹಾರುತ್ತಿದ್ದದ್ದು ಎರಡು. ಏಳು ತಿಂಗಳಲ್ಲಿ ಆಗಬೇಕಾದ್ದು ಹದಿಮೂರು ತಿಂಗಳಾಯಿತು. ಆ ಆರು ತಿಂಗಳ ಬಾಡಿಗೆ ಮನೆ, ಊಟ, ಹೋಗಿಬರುವ ಖರ್ಚು ನನ್ನ ಲೆಕ್ಕದ ಪುಸ್ತಕದಲ್ಲಿ ಇರಲೇ ಇಲ್ಲ.

ಇನ್ನು ಕೈಗಳ ವಿಷಯ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೆಲಿಕಾಪ್ಟರಿನಲ್ಲಿ ಕ್ಯಾಪ್ಟನ್ ಕೂರುವುದು ಬಲಗಡೆ. ಬಲಗೈಯಲ್ಲಿ ದಿಕ್ಕಿಗೆ ವಾಲಿಸುವ ಸೈಕ್ಲಿಕ್, ಎಡಗೈಯಲ್ಲಿ ಮೇಲೆ ಕೆಳಗೆ ಒಯ್ಯುವ ಕಲೆಕ್ಟಿವ್. ಕಲಿಯುವ ಸಣ್ಣ ವಿಮಾನ ಸೆಸ್ನಾ 172ರಲ್ಲಿ ನನ್ನನ್ನು ಎಡಗಡೆ ಕೂರಿಸಿದರು. ಈಗ ಎಡಗೈ ಯೋಕ್ (ಮೂಗು ಏರಿಸಿ ಇಳಿಸುವ ಹಿಡಿಕೆ) ಮೇಲೆ, ಬಲಗೈ ಥ್ರಾಟಲ್ ಮೇಲೆ. ಎಲ್ಲ ಅದಲು ಬದಲು. ಮೊದಲ ದಿನ ಇಳಿಯುವಾಗ ಸ್ವಲ್ಪ ಕೆಳಗೆ ಬಂದೆ ಅನ್ನಿಸಿತು. ನನ್ನ ಎಡಗೈ ತಾನಾಗಿಯೇ ಮೇಲಕ್ಕೆ ಎಳೆಯಿತು, ಕಲೆಕ್ಟಿವ್ ಎಳೆದ ಹಾಗೆ. ಅಲ್ಲಿದ್ದದ್ದು ಯೋಕ್. ಮೂಗು ಮೇಲೆದ್ದಿತು, ವೇಗ ಬಿತ್ತು, ರೆಕ್ಕೆಯ ಎತ್ತುವ ಬಲ ಹೋಗುತ್ತಿದೆ ಅಂತ ಎಚ್ಚರಿಸುವ ಸ್ಟಾಲ್ ಹಾರ್ನ್ ಕೂಗಿತು. ಪಕ್ಕದಲ್ಲಿದ್ದ 26ರ ಇನ್‌ಸ್ಟ್ರಕ್ಟರ್ ಮೆತ್ತಗೆ ಮೂಗು ಇಳಿಸಿ ಥ್ರಾಟಲ್ ಕೊಟ್ಟ. ಬಲಗಾಲು ಮಾತ್ರ ಮೊದಲೇ ಕಲಿತಿತ್ತು. ಚೀತಾದ ರೋಟರ್ ತಿರುಗುವ ದಿಕ್ಕಿನಿಂದಾಗಿ ಪವರ್ ಕೊಟ್ಟಾಗ ಬಲ ಪೆಡಲ್ ಒತ್ತುತ್ತಿದ್ದೆವಲ್ಲ, ಸೆಸ್ನಾ ಮೇಲೇಳುವಾಗಲೂ ಅದೇ ಬಲಗಾಲು ಬೇಕು. ಆಮೇಲೆ ಏರ್‌ಬಸ್‌ನಲ್ಲಿ ಸಹಪೈಲಟ್ ಆಗಿ ಬಲಗಡೆ ಕೂತಾಗ ಬಲಗೈಗೆ ಸೈಡ್‌ಸ್ಟಿಕ್, ಎಡಗೈಗೆ ಥ್ರಸ್ಟ್ ಲಿವರ್ ಬಂತು. ಊರಿಗೆ ಬಂದ ಹಾಗಾಯಿತು.

ಕೈಗಿಂತ ಕಷ್ಟ ತಲೆಯದ್ದು. ಹೆಲಿಕಾಪ್ಟರಿನಲ್ಲಿ ಅನುಮಾನ ಬಂದರೆ ನಿಧಾನ ಮಾಡುತ್ತೇವೆ, ಬೇಕಾದರೆ ನಿಂತೇ ಬಿಡುತ್ತೇವೆ. ಜೆಟ್‌ನಲ್ಲಿ ನಿಧಾನ ಅನ್ನುವುದೇ ಅಪಾಯ. ಅಲ್ಲಿ ಅನುಮಾನ ಬಂದರೆ ಮೇಲೇರಬೇಕು, ಸುತ್ತು ಹಾಕಿ ಮತ್ತೆ ಬರಬೇಕು. ಹಿಮದ ಮೇಲೆ ಎಲ್ಲಿ ಇಳಿಸಬೇಕು ಅಂತ ಒಬ್ಬನೇ ನಿರ್ಧರಿಸಿ ರೂಢಿಯಾದವರಿಗೆ, ಬರೆದಿಟ್ಟ ಮಾತನ್ನೇ ಬರೆದಿಟ್ಟ ಹೊತ್ತಿಗೇ ಹೇಳುವ ಶಿಸ್ತು ಮೊದಮೊದಲು ಉಸಿರು ಕಟ್ಟಿಸುತ್ತದೆ. ನಿಮ್ಮ ಎಡಕ್ಕೆ 30 ವರ್ಷದ ಕ್ಯಾಪ್ಟನ್ ಕೂತಿರುತ್ತಾರೆ. ಅವರು ತಿದ್ದಿದಾಗ 'ಹೌದು' ಅನ್ನುವುದು ನಿಮ್ಮಿಂದ ಆಗುತ್ತದಾ? ಆಗುವುದಿಲ್ಲ ಅಂತಾದರೆ ಈ ದಾರಿ ಬೇಡ. ಇದನ್ನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ. ಪರೀಕ್ಷೆಯಲ್ಲಿ ಫೇಲಾಗಿ ಬಿಟ್ಟವರಿಗಿಂತ ಇಲ್ಲಿ ಸೋತು ಬಿಟ್ಟವರನ್ನೇ ನಾನು ಜಾಸ್ತಿ ನೋಡಿದ್ದು.

ಬಜಪೆಯ, ಅಂದರೆ ಮಂಗಳೂರು ವಿಮಾನ ನಿಲ್ದಾಣದ ಮಾತು ಬರದೆ ನನಗೆ ಈ ಭಾಗ ಮುಗಿಯುವುದಿಲ್ಲ. ಗುಡ್ಡದ ತಲೆ ಮೇಲಿನ ರನ್‌ವೇ. 2010ರ ಮೇ 22ರ ಬೆಳಿಗ್ಗೆ ವಿಮಾನ ಬಿದ್ದು 158 ಜನ ತೀರಿಕೊಂಡ ಜಾಗ. ಇಲ್ಲಿ ಇಳಿಸುವುದು ಕ್ಯಾಪ್ಟನ್ ಮಾತ್ರ, ಸಹಪೈಲಟ್ ಕೈಗೆ ಕೊಡುವಂತಿಲ್ಲ. ಆರು ವರ್ಷ ನಾನು ನನ್ನ ಊರಿಗೇ ಬಂದು, ಮಳೆಗಾಲದ ಮೋಡ ಸೀಳಿ ಕೆಳಗೆ ಗುರುಪುರ ಹೊಳೆ ಕಾಣುವಾಗ, ಎತ್ತರ ವೇಗ ಓದಿ ಹೇಳುತ್ತಾ ಕೂತಿದ್ದೆ. ಸೇನೆಯಲ್ಲಿ ಹೆಲಿಕಾಪ್ಟರಿನ ಕ್ಯಾಪ್ಟನ್ ಆಗಿದ್ದವನು ನಾನು. ಈ ಕಾಯುವಿಕೆಗೆ ಮನಸ್ಸು ತಯಾರಾಗಬೇಕು.

ಕ್ಯಾಪ್ಟನ್ ಆಗಲು ಎಟಿಪಿಎಲ್ ಅನ್ನುವ ಮೇಲಿನ ಹಂತದ ಲೈಸೆನ್ಸ್ ಬೇಕು, ಅದಕ್ಕೆ 1500 ಗಂಟೆ. ವರ್ಷಕ್ಕೆ 1000 ಗಂಟೆಗಿಂತ ಜಾಸ್ತಿ ಹಾರುವಂತಿಲ್ಲ. 1500 ತಲುಪಿದ ದಿನವೇ ಕಮಾಂಡ್ ಸಿಗುವುದೂ ಇಲ್ಲ, ಕಂಪನಿಯ ಸರದಿ ಇರುತ್ತದೆ. ಒಮ್ಮೆ ಸೇರಿದರೆ ಬಿಡುವುದೂ ಸುಲಭ ಅಲ್ಲ. ಸಹಪೈಲಟ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷದ ನೋಟಿಸ್. ವಿಶ್ರಾಂತಿ ವಿಷಯದಲ್ಲಿ ಮಾತ್ರ ಈಚೆಗೆ ಒಳ್ಳೆಯದಾಗಿದೆ. 2025ರ ಜುಲೈಯಿಂದ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿದೆ. ಬೇಸ್ ಬೆಂಗಳೂರು ಆದರೆ ರಾತ್ರಿ ಪಂಚಗಂಗಾ ರೈಲು ಹತ್ತಿ ಬೆಳಿಗ್ಗೆ ಉಡುಪಿಯಲ್ಲಿ ಇಳಿಯಬಹುದು. ದೆಹಲಿ ಆದರೆ ಆ ಮಾತೇ ಬೇರೆ. ಬೇಸ್ ಎಲ್ಲಿ ಅನ್ನುವುದು ನಮ್ಮ ಕೈಯಲ್ಲಿಲ್ಲ.

ಎಟಿಆರ್, ಅಂದರೆ ಪಂಖದ ಸಣ್ಣ ಪ್ರಯಾಣಿಕ ವಿಮಾನ ಹಾರಿಸುವ ಕೆಲಸ ಸಿಕ್ಕರೆ ಹಿಂದೆಮುಂದೆ ನೋಡಬೇಡಿ. ಜೆಟ್ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ದಿನಕ್ಕೆ ನಾಲ್ಕು ಸಲ ಇಳಿಸಿ ಏರಿಸಿ ಕೈ ಪಳಗುತ್ತದೆ. ಹೆಲಿಕಾಪ್ಟರಿನಿಂದ ಬಂದವರಿಗೆ ಆ ವೇಗವೂ ಹಿತ.

ಹೆಲಿಕಾಪ್ಟರಿನಲ್ಲೇ ಉಳಿದರೆ

ಇಲ್ಲಿನ ದೊಡ್ಡ ಲಾಭ, ನಿಮ್ಮ ಲಾಗ್‌ಬುಕ್ಕಿಗೆ ಪೂರ್ತಿ ಬೆಲೆ. ಹೊಸದಾಗಿ 200 ಗಂಟೆ ಕೊಳ್ಳುವ ಕೆಲಸ ಇಲ್ಲ. ಪರೀಕ್ಷೆ, ಮೆಡಿಕಲ್, ಲೈಸೆನ್ಸ್, ಆಮೇಲೆ ಕಂಪನಿ ಹಾರಿಸುವ ಹೆಲಿಕಾಪ್ಟರಿನ ರೇಟಿಂಗ್. ಅರ್ಧ ಕೋಟಿಯ ಜಾಗದಲ್ಲಿ ಕೆಲವೇ ಲಕ್ಷ. ಸೇನೆಯ ಅನುಭವ ಇರುವವರು ಬೇಗ ಕ್ಯಾಪ್ಟನ್ ಸೀಟಿಗೆ ಬರುತ್ತಾರೆ. ನಷ್ಟ ಏನೆಂದರೆ ಈ ಮಾರುಕಟ್ಟೆ ಸಣ್ಣದು. ಏರ್‌ಲೈನ್‌ಗಳು ನೂರಾರು ವಿಮಾನಕ್ಕೆ ಆರ್ಡರ್ ಕೊಟ್ಟು ಕೂತಿವೆ, 2023ರಲ್ಲಿ ಇಂಡಿಗೊ ಒಂದೇ 500. ಹೆಲಿಕಾಪ್ಟರ್ ಕಡೆ ಆ ಬೆಳವಣಿಗೆ ಇಲ್ಲ. ಒಂದು ಕಂಪನಿ ಮುಚ್ಚಿದರೆ ಮುಂದಿನ ಬಾಗಿಲು ದೂರ.

ಈ ಕೆಲಸದ ಒಳಗೂ ಮೂರು ನಾಲ್ಕು ಬಗೆ ಇದೆ. ನಮ್ಮ ಕರಾವಳಿಯವರಿಗೆ ನಾನು ಮೊದಲು ಹೇಳುವುದು ಕಡಲಿನ ಕೆಲಸ. ಮುಂಬೈ ಜುಹುವಿನಿಂದ ಹಾರಿ, ಸುಮಾರು 160 ಕಿಲೋಮೀಟರ್ ಆಚೆಯ ಬಾಂಬೆ ಹೈ ಎಣ್ಣೆ ಬಾವಿಗಳಿಗೆ ಜನರನ್ನು ಒಯ್ಯುವುದು. ಎರಡು ಎಂಜಿನ್, ಇಬ್ಬರು ಪೈಲಟ್, ಲಿಖಿತ ಕ್ರಮ. ಏರ್‌ಲೈನಿನ ಶಿಸ್ತಿಗೆ ಹತ್ತಿರ. ಕಡಲ ಮೇಲಿನ ಅಪಾಯ ಇದ್ದೇ ಇದೆ. 2018ರಲ್ಲೂ 2022ರಲ್ಲೂ ಅಲ್ಲಿ ಹೆಲಿಕಾಪ್ಟರ್ ಬಿದ್ದು ಜನ ಹೋಗಿದ್ದಾರೆ. ಆದರೆ ಸರದಿ ಪ್ರಕಾರ ಕೆಲವು ವಾರ ಕೆಲಸ, ಕೆಲವು ವಾರ ಮನೆ. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಗಾಗುವಾಗ ಕುಂದಾಪುರ. ಮನೆಯನ್ನು ಊರಲ್ಲೇ ಇಟ್ಟು, ಅಮ್ಮನನ್ನು ನೋಡಿಕೊಂಡು ಹಾರಬೇಕು ಅನ್ನುವವರಿಗೆ ಇಷ್ಟು ಹೊಂದುವ ಕೆಲಸ ಏರ್‌ಲೈನಿನಲ್ಲೂ ಇಲ್ಲ. ನನ್ನ ಜೊತೆಯವರೊಬ್ಬರು ಇದನ್ನೇ ಮಾಡುತ್ತಿದ್ದಾರೆ. ತಿಂಗಳ ಅರ್ಧ ಅವರು ಕೋಟದ ತೋಟದಲ್ಲಿ ಸಿಗುತ್ತಾರೆ.

ಕೇದಾರನಾಥದ ಯಾತ್ರೆ ಹಾರಾಟಕ್ಕೆ ಬೇಡಿಕೆ ಜಾಸ್ತಿ. ಎತ್ತರದಲ್ಲಿ ಪಳಗಿದ ಸೇನೆಯ ಪೈಲಟ್‌ಗಳನ್ನು ಕರೆದು ತಗೊಳ್ಳುತ್ತಾರೆ, ಕೆಲವೇ ತಿಂಗಳ ಸೀಸನ್ನಿಗೆ ಒಳ್ಳೆಯ ದುಡ್ಡು. ಆದರೆ ಅದು 3583 ಮೀಟರ್ ಎತ್ತರ, ಇಕ್ಕಟ್ಟಿನ ಕಣಿವೆ, ಹೆಚ್ಚಾಗಿ ಒಂದೇ ಎಂಜಿನ್, ಒಬ್ಬನೇ ಪೈಲಟ್. ದಿನಕ್ಕೆ ಎಷ್ಟು ಸುತ್ತು ಅನ್ನುವ ಒತ್ತಡ ಬೇರೆ. 2025ರ ಜೂನ್ 15ರಂದು ಗೌರಿಕುಂಡದ ಹತ್ತಿರ ಬಿದ್ದು ಏಳು ಜನ ತೀರಿಕೊಂಡರು. ಪೈಲಟ್ ನಮ್ಮವರೇ, ಸೇನೆಯಿಂದ ನಿವೃತ್ತರಾದವರು. ನಾನು ಯಾರಿಗೂ ಈ ಕೆಲಸ ಹೇಳುವುದಿಲ್ಲ. ಹೋಗಲೇಬೇಕು ಅನ್ನುವವರು ಒಂದನ್ನು ಮೊದಲೇ ಕೇಳಿಕೊಳ್ಳಿ: ಮೋಡ ಇದೆ, ಹಾರುವುದಿಲ್ಲ ಅಂದ ದಿನ ನಿಮ್ಮ ಸಂಬಳ ಕಡಿಯುತ್ತಾರಾ? ಕಡಿಯುತ್ತಾರೆ ಅಂತಾದರೆ ಅಲ್ಲಿಂದ ಎದ್ದು ಬನ್ನಿ.

ಮಂತ್ರಿಗಳನ್ನು ಒಯ್ಯುವ ಸರಕಾರಿ ಮತ್ತು ಬಾಡಿಗೆ ಹಾರಾಟದಲ್ಲಿ ಚುನಾವಣೆ ಹೊತ್ತಿಗೆ ದುಡ್ಡು ಬರುತ್ತದೆ. ಉಳಿದ ಹೊತ್ತು ಕಾಯುವುದೇ ಕೆಲಸ.

ಗಲ್ಫ್ ನಮಗೆ ಹೊಸದಲ್ಲ. ಕತಾರ್, ಅಬುಧಾಬಿಯಲ್ಲೂ ಕಡಲ ಎಣ್ಣೆ ಬಾವಿಗಳಿಗೆ ಹೆಲಿಕಾಪ್ಟರ್ ಹಾರಿಸುವ ದೊಡ್ಡ ಕಂಪನಿಗಳಿವೆ. ಅಲ್ಲಿಗೆ ಹೆಲಿಕಾಪ್ಟರ್ ಎಟಿಪಿಎಲ್ ಮತ್ತು ನಾಗರಿಕ ಇನ್‌ಸ್ಟ್ರುಮೆಂಟ್ ಅನುಭವ ಇಟ್ಟುಕೊಂಡು ಹೋದರೆ ಬೆಲೆ. ಸೇನೆಯಿಂದ ನೇರ ಹೋಗುವುದಕ್ಕಿಂತ ಜುಹುವಿನಲ್ಲಿ ಎರಡು ಮೂರು ವರ್ಷ ಮಾಡಿ ಹೋಗುವುದು ಲೇಸು.

ಬೆಂಗಳೂರು, ತುಮಕೂರು

ಕಲಿಸುವ ಗುಣ ಇದ್ದವರು, ಇನ್‌ಸ್ಟ್ರಕ್ಟರ್ ಕೋರ್ಸ್ ಅಥವಾ ಟೆಸ್ಟ್ ಪೈಲಟ್ ಕೋರ್ಸ್ ಮಾಡಿದವರು ಎಚ್‌ಎಎಲ್ ಕಡೆ ನೋಡಿ. ಬೆಂಗಳೂರಿನಲ್ಲಿ ಅವರ ಹೆಲಿಕಾಪ್ಟರ್ ಅಕಾಡೆಮಿ ಇದೆ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೂ ಶುರುವಾಗಿದೆ. ಡಿಜಿಸಿಎಯಲ್ಲಿ ಫ್ಲೈಟ್ ಆಪರೇಷನ್ಸ್ ಇನ್‌ಸ್ಪೆಕ್ಟರ್ ಹುದ್ದೆಗೆ ಹೆಲಿಕಾಪ್ಟರ್ ಅನುಭವಿಗಳನ್ನೂ ತಗೊಳ್ಳುತ್ತಾರೆ. ಜಾಗ ಬಹಳ ಕಡಿಮೆ, ಸಂಬಳ ಏರ್‌ಲೈನಿನಷ್ಟಿಲ್ಲ. ರಾತ್ರಿ ಮನೆಯಲ್ಲಿ ಮಲಗಬಹುದು.

ಯಾರಿಗೆ ಯಾವುದು

ಶಾರ್ಟ್ ಸರ್ವಿಸ್ ಮುಗಿಸಿ 36, 37ಕ್ಕೆ ಬರುವವರೇ, ಮೈ ಸರಿಯಿದ್ದರೆ ಏರ್‌ಲೈನ್ ನೋಡಿ. ನಿಮ್ಮ ಮುಂದೆ ಕ್ಯಾಪ್ಟನ್ ಆಗಿಯೇ 20 ವರ್ಷ ಇದೆ. ಪೆನ್ಶನ್ ಇಲ್ಲದ ಕೊರತೆ ತುಂಬುವುದು ಅದೇ. ಸಾಲ ಮಾಡಬೇಕಾಗಿ ಬಂದರೆ ಊರಿನ ಜಾಗ ಅಡವಿಡುವ ಮುಂಚೆ ಎರಡು ವರ್ಷ ಹೆಲಿಕಾಪ್ಟರ್ ಕೆಲಸ ಮಾಡಿ ದುಡ್ಡು ಕೂಡಿಸಿ. ಮಧ್ಯೆ ಪರೀಕ್ಷೆ ಬರೆಯಿರಿ.

16, 17 ವರ್ಷ ಸೇವೆ ಆದವರು 20 ತುಂಬಿಸಿಯೇ ಬನ್ನಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ನಾನು 18 ತಿಂಗಳು ಸಂಬಳ ಇಲ್ಲದೆ ಹಾರಾಟ ಕಲಿತಾಗ ಮನೆ ನಡೆದದ್ದು ಪೆನ್ಶನ್‌ನಲ್ಲಿ. ಅಮ್ಮನ ಆಪರೇಷನ್ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಲ್ಲಿ ಆಯಿತು.

48 ದಾಟಿದವರಿಗೆ ಏರ್‌ಲೈನ್ ಅಂತ ನಾನು ಹೇಳುವುದಿಲ್ಲ. 50ಕ್ಕೆ ಸಹಪೈಲಟ್, 56ಕ್ಕೆ ಕ್ಯಾಪ್ಟನ್ ಆದರೆ ಹಾಕಿದ ದುಡ್ಡು ಬರಬಹುದು, ಆದರೆ ಮನೆಯವರ ಜೊತೆ ಇರಬೇಕಾದ ವರ್ಷಗಳು ಹೋಗುತ್ತವೆ. ಜುಹು, ಎಚ್‌ಎಎಲ್, ಇನ್‌ಸ್ಪೆಕ್ಟರ್ ಕೆಲಸ ನೋಡಿ.

ನಿಜವಾದ ಗೊಂದಲ ಇರುವುದು ನಡುವಿನವರಿಗೆ, ಮದುವೆ ಊಟದ ಆ ಮೇಜರ್ ಹಾಗೆ. 13 ವರ್ಷ ಸೇವೆ. ಈಗ ಬಿಟ್ಟರೆ 38ಕ್ಕೆ ಏರ್‌ಲೈನ್, 44ರ ಸುಮಾರಿಗೆ ಕ್ಯಾಪ್ಟನ್, ಪೆನ್ಶನ್ ಇಲ್ಲ. ಏಳು ವರ್ಷ ಕಾದರೆ 45ಕ್ಕೆ ಏರ್‌ಲೈನ್, 51ಕ್ಕೆ ಕ್ಯಾಪ್ಟನ್, ಪೆನ್ಶನ್ ಜೊತೆಗೆ. ಬರೀ ದುಡ್ಡು ನೋಡಿದರೆ ಬೇಗ ಬಿಡುವುದೇ ಲಾಭ ಅಂತ ಲೆಕ್ಕ ತೋರಿಸಬಹುದು, ಕ್ಯಾಪ್ಟನ್ ವರ್ಷಗಳು ಏಳು ಜಾಸ್ತಿ. ಆದರೆ ಆ ಲೆಕ್ಕದೊಳಗೆ ಮೂರು 'ಆದರೆ' ಇವೆ. ಕೇಳಿದಾಗ ಸೇನೆ ಬಿಟ್ಟುಕೊಟ್ಟರೆ, ಮೆಡಿಕಲ್ ಪಾಸಾದರೆ, ಲೈಸೆನ್ಸ್ ಕೈಗೆ ಬಂದ ಹೊತ್ತಿಗೆ ಏರ್‌ಲೈನ್ ಕರೆ ಬಂದರೆ. ಮನೆಯಲ್ಲಿ ಇನ್ನೊಂದು ಸಂಬಳ ಇದ್ದು, ಸಾಲ ಇಲ್ಲದಿದ್ದರೆ ಈ ಮೂರನ್ನೂ ಎದುರಿಸಬಹುದು. ಅವರ ಹೆಂಡತಿ ಮಣಿಪಾಲದಲ್ಲಿ ಕೆಲಸದಲ್ಲಿದ್ದಾರೆ, ಮನೆ ಸಾಲ ಮಾತ್ರ ಇದೆ. ಮೊದಲು ಮೆಡಿಕಲ್, ಆಮೇಲೆ ಪರೀಕ್ಷೆ, ಇವೆರಡೂ ಆದ ಮೇಲೆ ಪೇಪರ್ ಅಂದೆ. ಈ ಎರಡು ಕೆಲಸಕ್ಕೆ ರಾಜೀನಾಮೆ ಬೇಕಾಗಿಲ್ಲ.

ಪಾಯಸ ಬರುವ ಹೊತ್ತಿಗೆ ನೆನಪಾಗಿ ಕೇಳಿದೆ, "ಪಿಯುಸಿಯಲ್ಲಿ ಎಂತ ಓದಿದ್ದು?"

"ಕಾಮರ್ಸ್, ಸರ್. ಡಿಗ್ರಿ ಮುಗಿಸಿ ಸೇರಿದ್ದು."

ಲೈಸೆನ್ಸಿಗೆ ಹನ್ನೆರಡನೇ ತರಗತಿಯ ಭೌತಶಾಸ್ತ್ರ, ಗಣಿತ ಬೇಕು. ಸೇನೆಗೆ ಬೇಕಾಗಿರಲಿಲ್ಲ, ಹಾಗಾಗಿ ಯಾರೂ ಅವರಿಗೆ ಹೇಳಿರಲಿಲ್ಲ. ಅವರ ಕೈ ಎಲೆ ಮೇಲೆ ಹಾಗೇ ನಿಂತಿತು. ಓಪನ್ ಸ್ಕೂಲಿನಲ್ಲಿ ಆ ಎರಡು ವಿಷಯ ಬರೆದು ಪಾಸಾಗಬಹುದು, ವರ್ಷಕ್ಕೆ ಎರಡು ಸಲ ಪರೀಕ್ಷೆ ಇದೆ ಅಂತ ಹೇಳಿದೆ. ಹೋದ ವಾರ ಅವರ ಹೆಂಡತಿ ಫೋನ್ ಮಾಡಿದ್ದರು. ಅರ್ಜಿ ತುಂಬಿ ಆಗಿದೆಯಂತೆ, ಪುಸ್ತಕ ಬಂದಿದೆಯಂತೆ. ಪೇಪರ್ ಹಾಕುವ ಮಾತು ಸದ್ಯಕ್ಕೆ ಮನೆಯಲ್ಲಿ ಇಲ್ಲ.